ತಪ್ಪು ಹೆಜ್ಜೆ

ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನ ಹತ್ತಿರ ಕೊನೆಗೆ ಏನು ಉಳಿದಿರುತ್ತದೆ? ನನ್ನ ಮೇಜಿನ ಡ್ರಾವರಿನಲ್ಲಿ ಏಳೆಂಟು ಕೆಂಪು ಬಾಲ್‌ಪೆನ್ನುಗಳು ಉಳಿದಿವೆ. ಅರ್ಧಕ್ಕರ್ಧ ಒಣಗಿಹೋಗಿವೆ. ಎಸೆಯಬಾರದೇ ಎಂದು ಹೆಂಡತಿ ದೀಪಾವಳಿಗೊಮ್ಮೆ ಕೇಳುತ್ತಾಳೆ. ನಾನು ಹೂಂ ಎಂದು ಮತ್ತೆ ಅಲ್ಲಿಯೇ ಇಡುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಒಂದು ಸೀಮೆಯಿಂದ ಇನ್ನೊಂದಕ್ಕೆ ವರ್ಗವಾಗುತ್ತ, ವಸ್ತಿ ಬಸ್ಸು ಹಿಡಿಯುತ್ತ, ಬಾಡಿಗೆ ಮನೆ ಬದಲಿಸುತ್ತ ನಾನು ಎಷ್ಟು ಸಾವಿರ ವಹಿಗಳ ಮೇಲೆ ಕೆಂಪು ಗೆರೆ ಎಳೆದೆನೋ ಲೆಕ್ಕವಿಲ್ಲ. ಪ್ರತಿಯೊಂದು ಗೆರೆಗೂ ಒಂದೇ ಅರ್ಥವಿತ್ತು: ತಪ್ಪು. ಈ ಒಂದು ಶಬ್ದದ ಬಗ್ಗೆ ಕಲಿಸುವಾಗ ಮಾಡಬೇಕಾಗಿದ್ದ ವಿಚಾರವನ್ನು ಕಲಿಸುವುದು ಮುಗಿದ ಮೇಲೆ ಈಗ ಮಾಡುತ್ತಿದ್ದೇನೆ.

ಕನ್ನಡದ ‘ತಪ್ಪು’ ಬಹಳ ದೊಡ್ಡ ಶಬ್ದ. ಲೆಕ್ಕದಲ್ಲಿ ಕೂಡುವುದು ಬಾರದಿದ್ದರೂ ತಪ್ಪು, ಮಂದಿಯ ಹೊಲದ ಕಡಲೆ ಕಿತ್ತು ತಿಂದರೂ ತಪ್ಪು. ಬಸ್ಸು ತಪ್ಪುತ್ತದೆ, ದಾರಿ ತಪ್ಪುತ್ತದೆ, ಕೊಟ್ಟ ಮಾತಿಗೆ ತಪ್ಪುತ್ತೇವೆ. ನೆರೆಮನೆಯ ಅಜ್ಜಿಗೆ ಎದುರು ಮಾತಾಡಿದ ಹುಡುಗನ ಕಿವಿ ಹಿಂಡಿ ‘ತಪ್ಪಾತು ಅನ್ನು’ ಎಂದು ಅಪ್ಪ ಗದರಿಸುತ್ತಾನೆ. ಅದೇ ಹುಡುಗ ಮರುದಿನ ಸಾಲಿಗೆ ಬಂದು ‘ಗೋಸ್’ ಎನ್ನುವಲ್ಲಿ ‘ಗೋ’ ಎಂದರೆ ನಾವು ಅದೇ ಶಬ್ದವನ್ನು ಅದೇ ದನಿಯಲ್ಲಿ ಬಳಸುತ್ತೇವೆ. ಈ ಎರಡರ ನಡುವಿನ ಭೇದ ಅವನ ಕಿವಿಗೆ ಹೇಗೆ ತಿಳಿಯಬೇಕು? ವ್ಯಾಕರಣದಲ್ಲಿ ಎಡವಿದವನು ಕಳವು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಅವನನ್ನು ಹಾಗೆ ನಿಲ್ಲಿಸುವುದು ನ್ಯಾಯವೇ ಎಂಬುದು ನನ್ನ ಪ್ರಶ್ನೆ.

ಇಂಗ್ಲಿಷ್ ಕಲಿಸುವವರಿಗೆ ಅವರದೇ ಆದ ಪರಿಭಾಷೆಯೊಂದಿದೆ ಎಂಬುದು ನನಗೆ ಗೊತ್ತಾದದ್ದು ನೌಕರಿ ಸೇರಿದ ಮೇಲೆ. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಬೆಂಗಳೂರಿನಲ್ಲಿ 1963ರಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಶುರುವಾಗಿತ್ತು. ಅಲ್ಲಿ ಕಲಿತವರ ಬಾಯಿಂದ ಹೊಸ ಹೊಸ ಶಬ್ದಗಳು ನಮ್ಮ ತಾಲ್ಲೂಕಿನ ಶಿಬಿರಗಳವರೆಗೆ ಹರಿದುಬಂದವು. ಕಲಿಯಬೇಕಾದ ಭಾಷೆಗೆ ‘ಟಾರ್ಗೆಟ್ ಲ್ಯಾಂಗ್ವೇಜ್’ ಎನ್ನಬೇಕಂತೆ. ಮನೆಮಾತಿನ ಜಾಡು ಇಂಗ್ಲಿಷಿನಲ್ಲಿ ಮೂಡಿದರೆ ಅದು ‘ಮದರ್ ಟಂಗ್ ಇಂಟರ್‌ಫಿಯರೆನ್ಸ್’. ಹಿಂದೆ ಬಿದ್ದವರಿಗೆ ಹೇಳುವ ಪಾಠ ‘ರೆಮೆಡಿಯಲ್ ಟೀಚಿಂಗ್’. ನಾವು ಇವನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡೆವು. ಸಂಜೆ ಚಹಾ ಕುಡಿಯುವಾಗ ಕೂಡಿಸಿ ನೋಡಿದರೆ ನಮ್ಮ ಹಳ್ಳಿಯ ಹುಡುಗನೆಂದರೆ ಗುರಿಗೆ ಹೊಡೆಯಲಾರದ, ತಾಯಿಯ ಕಾಟವಿರುವ, ಔಷಧ ಬೇಕಾದ ಒಬ್ಬ ರೋಗಿ ಎಂದಾಗಿತ್ತು. ನಕ್ಕೆವು. ಮರುದಿನದಿಂದ ಅವೇ ಶಬ್ದಗಳನ್ನು ಟಿಪ್ಪಣಿಗಳಲ್ಲಿ ಬರೆಯತೊಡಗಿದೆವು.

ಆ ಶಬ್ದಗಳ ರಾಶಿಯಲ್ಲಿ ಒಂದು ಜೋಡಿ ಮಾತ್ರ ಬೇರೆ ಥರದ್ದಿತ್ತು. ಎಡಿನ್‌ಬರೋದ ಪಿಟ್ ಕಾರ್ಡರ್ ಎಂಬ ವಿದ್ವಾಂಸರು 1967ರಲ್ಲಿ ಒಂದು ಲೇಖನ ಬರೆದು, ಕಲಿಯುವವರ ತಪ್ಪುಗಳಲ್ಲಿ ‘ಮಿಸ್ಟೇಕ್’ ಬೇರೆ, ‘ಎರರ್’ ಬೇರೆ ಎಂದರು. ಗೊತ್ತಿದ್ದೂ ಅವಸರದಲ್ಲಿ, ದಣಿವಿನಲ್ಲಿ, ಮರೆವಿನಲ್ಲಿ ಜಾರಿದರೆ ಅದು ಮಿಸ್ಟೇಕ್. ಅದನ್ನು ಯಾರೂ ಮಾಡುತ್ತಾರೆ, ತಾವೇ ಸರಿಪಡಿಸಿಕೊಳ್ಳುತ್ತಾರೆ. ಇನ್ನೂ ಗೊತ್ತಿಲ್ಲದ್ದನ್ನು ಗೊತ್ತಿದ್ದಷ್ಟರಿಂದಲೇ ಕಟ್ಟಲು ಹೋದಾಗ ಆಗುವುದು ಎರರ್. ಅದರೊಳಗೆ ಒಂದು ಕ್ರಮವಿರುತ್ತದೆ, ಮಗು ಎಲ್ಲಿಯವರೆಗೆ ಬಂದಿದೆ ಎಂಬುದರ ಗುರುತು ಇರುತ್ತದೆ. ಕಲಿಸುವವನು ಅದನ್ನು ಓದಿಕೊಳ್ಳಬೇಕು ಎಂಬುದು ಅವರ ವಾದ. ಐದು ವರ್ಷಗಳ ನಂತರ, 1972ರಲ್ಲಿ, ಲ್ಯಾರಿ ಸೆಲಿಂಕರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಮಾತಿಗೂ ಕಲಿಯುವ ಮಾತಿಗೂ ನಡುವೆ ಕಲಿಯುವವನು ತನ್ನದೇ ಒಂದು ಭಾಷೆ ಕಟ್ಟಿಕೊಂಡಿರುತ್ತಾನೆ ಎಂದು ಅದಕ್ಕೆ ‘ಇಂಟರ್‌ಲ್ಯಾಂಗ್ವೇಜ್’ ಎಂದು ಹೆಸರಿಟ್ಟರು. ನಡುಭಾಷೆ ಎನ್ನೋಣ. ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟವರು ರಾತ್ರಿಯಾದಲ್ಲಿ ವಸ್ತಿ ಮಾಡುತ್ತಾರೆ. ವಸ್ತಿ ಮಾಡಿದವನನ್ನು ನೋಡಿ ಇವನು ಗುಡ್ಡ ಮುಟ್ಟಿಲ್ಲ ಎಂದು ಯಾರೂ ಬಯ್ಯುವುದಿಲ್ಲ.

ಗುಡ್ಡದ ಮಾತು ಬಂದದ್ದಕ್ಕೆ ಕಾರಣವಿದೆ. ನನ್ನ ತಾಯಿ ಓದು ಬರಹ ಬಾರದವಳು. ಸವದತ್ತಿಗೆ ಹೋದಾಗಲೆಲ್ಲ ಎಲ್ಲಮ್ಮನ ಮುಂದೆ ನಿಂತು ಗಲ್ಲ ಗಲ್ಲ ಬಡಿದುಕೊಂಡು, ‘ತಿಳದೋ, ತಿಳೀದನೋ, ಮರತೋ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ಳವ್ವಾ’ ಎನ್ನುತ್ತಿದ್ದಳು. ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು, ಮರೆತು ಮಾಡಿದ್ದು ಎಂದು ಮೂರು ಭಾಗ. ಕಾರ್ಡರರ ಲೇಖನದ ವಿಷಯ ಶಿಬಿರದಲ್ಲಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವ್ವನ ಈ ಮಾತು. ಮರೆತದ್ದು ಮಿಸ್ಟೇಕ್, ತಿಳಿಯದ್ದು ಎರರ್. ತಿಳಿದು ಮಾಡಿದ್ದೊಂದೇ ನಿಜವಾದ ಅಪರಾಧ. ಲೋಕದ ಯಾವ ಧರ್ಮವೂ ಯಾವ ಪಂಚಾಯತಿಯೂ ಈ ಮೂರಕ್ಕೂ ಒಂದೇ ದಂಡ ಹಾಕುವುದಿಲ್ಲ. ಹಾಕುತ್ತಿದ್ದವನು ನಾನು, ಕೆಂಪು ಪೆನ್ನಿನಿಂದ. ಅಂದರೆ ಕಾರ್ಡರರನ್ನು ಕೇಳಿಸಿಕೊಂಡ ಮೇಲೂ, ಅವ್ವನನ್ನು ನೆನೆಸಿಕೊಂಡ ಮೇಲೂ ನನ್ನ ಕೈ ಬದಲಾಗಿರಲಿಲ್ಲ. ಅದು ಬದಲಾದದ್ದು ಬೇರೆ ಕಾರಣದಿಂದ.

1987ರ ಮಳೆಗಾಲ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಆಗಷ್ಟೇ ವರ್ಗವಾಗಿ ಬಂದಿದ್ದೆ. ಕನ್ನಡ ಸಾಲಿಗಳಲ್ಲಿ ಒಂದನೆಯ ಇಯತ್ತೆಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಆಗ ಐದನೆಯದರಿಂದ ಶುರುವಾಗುತ್ತಿತ್ತು. ಎಂಟನೆಯ ಇಯತ್ತೆಯವರಿಗೆ ತಮ್ಮ ಮನೆಯ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಬರೆದಿದ್ದ: ‘ಮೈ ಫಾದರ್ ಈಸ್ ಫಾರ್ಮರ್. ಮೈ ಮದರ್ ಈಸ್ ನಾಟ್.’ ನಾನು ಎರಡನೆಯ ವಾಕ್ಯಕ್ಕೆ ಕೆಂಪು ಸುತ್ತು ಹಾಕಿ ಪಕ್ಕದಲ್ಲಿ ‘ನಾಟ್ ವಾಟ್?’ ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ವಹಿ ಎತ್ತಿ ಹಿಡಿದು ಗಟ್ಟಿಯಾಗಿ ಓದಿ, ‘ನಿಮ್ಮವ್ವ ಏನ್ ಅಲ್ಲೋ ತಮ್ಮಾ? ಡಾಕ್ಟರ್ ಅಲ್ಲೋ, ಕಲೆಕ್ಟರ್ ಅಲ್ಲೋ?’ ಎಂದೆ. ಹುಡುಗರು ನಕ್ಕರು. ನಗಲೆಂದೇ ಹೇಳಿದ್ದೆ. ಅವನೂ ನಕ್ಕ ಹಾಗೆ ಮಾಡಿದ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ, ಅವರವ್ವ ತೀರಕೊಂಡಾಳ್ರಿ, ಹ್ವಾದ ಕಾರಹುಣ್ಣಿವಿ ಮುಂದ’ ಎಂದಳು.

ಆಮೇಲೆ ನಾನು ಏನು ಹೇಳಿದೆನೋ ನೆನಪಿಲ್ಲ. ಪಾಠ ಮುಂದುವರಿಸಿರಬೇಕು. ರಾತ್ರಿ ಬಾಡಿಗೆ ಮನೆಯಲ್ಲಿ ಆ ವಹಿ ಮತ್ತೆ ತೆಗೆದು ನೋಡಿದೆ. ಕನ್ನಡದಲ್ಲಿ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ಇದು ಅದಲ್ಲ ಎನ್ನುವುದಕ್ಕೆ ಒಂದು, ಇರುವಿಕೆಯೇ ಇಲ್ಲ ಎನ್ನುವುದಕ್ಕೆ ಇನ್ನೊಂದು. ‘ಅವ್ವ ಇಲ್ಲ’ ಎಂದರೆ ನಮ್ಮಲ್ಲಿ ಪೂರ್ಣ ವಾಕ್ಯ. ಅದಕ್ಕಿಂತ ಹೆಚ್ಚು ಏನೂ ಹೇಳಬೇಕಾಗಿಲ್ಲ. ಇಂಗ್ಲಿಷಿನ ‘ನಾಟ್’ ತಾನೊಂದೇ ಅಷ್ಟು ಭಾರ ಹೊರಲಾರದು. ಇದನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ತಿಂಗಳಷ್ಟೇ ಬೋರ್ಡಿನ ಮೇಲೆ ‘ನಾಟ್’ ಎಂದರೆ ‘ಇಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದವನು ನಾನೇ. ಹುಡುಗ ನಾನು ಕೊಟ್ಟ ಇಟ್ಟಿಗೆಯಿಂದಲೇ ಗೋಡೆ ಕಟ್ಟಿದ್ದ. ಅವನದು ಮರೆವೂ ಅಲ್ಲ, ಸೋಮಾರಿತನವೂ ಅಲ್ಲ. ಪಾಠವನ್ನು ಸರಿಯಾಗಿ ಕೇಳಿಸಿಕೊಂಡವನು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಕಡೆ ಸರಿ ಎನ್ನಲು ‘ಬರೋಬರಿ’ ಎನ್ನುತ್ತೇವೆ, ನಿಜ ಎನ್ನಲು ‘ಖರೆ’ ಎನ್ನುತ್ತೇವೆ. ಆ ವಾಕ್ಯ ಬರೋಬರಿ ಇರಲಿಲ್ಲ. ಆದರೆ ಅವನು ಬರೆದದ್ದು ಖರೆ ಇತ್ತು.

ಹುಡುಗ ಸಾಲಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಅವನ ಮನೆಗೆ ಹೋಗಿ ಕರೆತರುತ್ತಿದ್ದೆನೋ ಏನೋ. ಆದದ್ದು ಅದಕ್ಕಿಂತ ಸಣ್ಣದು, ಆದ್ದರಿಂದಲೇ ಕಣ್ಣಿಗೆ ಬೀಳಲು ತಡವಾಯಿತು. ಆವತ್ತಿನಿಂದ ಅವನು ತನ್ನದೆಂಬ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆಯಲಿಲ್ಲ. ಗೈಡಿನಿಂದ ಎತ್ತಿ ಬರೆದ, ಬಾಯಿಪಾಠ ಮಾಡಿ ಬರೆದ. ಹತ್ತನೆಯ ಇಯತ್ತೆಯ ಒಂದು ಪರೀಕ್ಷೆಯಲ್ಲಿ ‘ಮೈ ಮದರ್’ ಎಂಬ ನಿಬಂಧ ಬಂತು. ‘ಮೈ ಮದರ್ ಈಸ್ ಎ ಹೌಸ್‌ವೈಫ್. ಶಿ ಗೆಟ್ಸ್ ಅಪ್ ಅರ್ಲಿ ಇನ್ ದ ಮಾರ್ನಿಂಗ್. ಶಿ ಲವ್ಸ್ ಮಿ ವೆರಿ ಮಚ್.’ ಒಂದು ಅಕ್ಷರ ಆಚೀಚೆಯಿಲ್ಲ. ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಕೊಟ್ಟ ಮೇಲೆ ಹೆಸರು ನೋಡಿದೆ. ಎಲ್ಲ ಬರೋಬರಿ ಇತ್ತು, ಯಾವುದೂ ಖರೆ ಇರಲಿಲ್ಲ. ಮೂರು ವರ್ಷದಲ್ಲಿ ನಾನು ಅವನಿಗೆ ಕಲಿಸಿದ ಇಂಗ್ಲಿಷ್ ಇಷ್ಟು.

ಇದರ ಪ್ರಾಯಶ್ಚಿತ್ತವನ್ನು ನಾನು ತಪ್ಪು ರೀತಿಯಲ್ಲಿ ಮಾಡಿಕೊಂಡೆ. ಮುಂದೆ ರಾಮದುರ್ಗದ ಕಡೆ ವರ್ಗವಾದಾಗ ಎರಡು ಮೂರು ವರ್ಷ ಮಕ್ಕಳ ವಹಿಗಳಲ್ಲಿ ಗೆರೆ ಎಳೆಯುವುದನ್ನೇ ಬಿಟ್ಟೆ. ಏನು ಬರೆದರೂ ‘ಗುಡ್’. ಮಕ್ಕಳಿಗೆ ಖುಷಿ, ನನಗೆ ಪುಣ್ಯ ಬಂದ ಹಾಗೆ. ಸಹೋದ್ಯೋಗಿಯೊಬ್ಬರು, ‘ಇಲ್ಲಿ ನೀವು ದಯಾ ತೋರಸ್ತೀರಿ, ನಾಳೆ ಬ್ಯಾಂಕಿನ ಪರೀಕ್ಷಾದಾಗ ಯಾರು ತೋರಸ್ತಾರ?’ ಎಂದು ಕೇಳಿದಾಗ ನನಗೆ ಸಿಟ್ಟು ಬಂತು. ಅವರ ಮಾತು ಖರೆ ಎಂದು ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ. ಬಹಳ ಜಾಣೆ. ಬೆಳಗಾವಿಯ ಕಾಲೇಜಿಗೆ ಹೋಗಿ ಮೊದಲ ವರ್ಷದ ರಜೆಗೆ ಬಂದವಳು ನನ್ನನ್ನು ಕಂಡು, ಅಳು ತಡೆದುಕೊಂಡು, ‘ಸರ, ನಾ ಬರದದ್ದೆಲ್ಲಾ ಬರೋಬರಿ ಅದ ಅಂತ ತಿಳಕೊಂಡಿದ್ನಿರಿ. ನೀವು ಒಮ್ಮೆರ ಹೇಳಬೇಕಿತ್ರಿ’ ಎಂದಳು. ಹುಡುಗನ ವಿಷಯದಲ್ಲಿ ನನ್ನದು ತಿಳಿಯದೆ ಆದ ತಪ್ಪು ಎಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಇವಳ ವಿಷಯದಲ್ಲಿ ಹಾಗಿಲ್ಲ. ಅವಳ ವಾಕ್ಯಗಳು ಸೊಟ್ಟಗಿವೆ ಎಂದು ನನಗೆ ಗೊತ್ತಿತ್ತು. ನನ್ನ ಮನಸ್ಸಿನ ನೆಮ್ಮದಿಗಾಗಿ ಸುಮ್ಮನಿದ್ದೆ. ತಿದ್ದದೆ ಇರುವುದೂ ಒಂದು ಬಗೆಯ ಅಸಡ್ಡೆಯೇ, ಮುಖ ಮಾತ್ರ ಮೃದು.

ಆಗ ನಾನಿದ್ದದ್ದು ನೇಕಾರರ ಓಣಿಯಲ್ಲಿ. ಪಕ್ಕದ ಮನೆಯಲ್ಲಿ ಅಪ್ಪ ಮಗನಿಗೆ ಮಗ್ಗ ಕಲಿಸುತ್ತಿದ್ದ. ಎಳೆ ಹರಿದರೆ ಬೈಗುಳವಿಲ್ಲ. ಮಗ್ಗ ನಿಲ್ಲುತ್ತಿತ್ತು, ಅಪ್ಪ ಬಂದು ಬೆರಳಿನಿಂದ ಎಳೆ ಹುಡುಕಿ ಗಂಟು ಹಾಕಿ ತೋರಿಸಿ ಹೋಗುತ್ತಿದ್ದ. ಮತ್ತೆ ಲಾಳಿ ಓಡುತ್ತಿತ್ತು. ಹರಿದ ಎಳೆಯನ್ನು ಹಾಗೆಯೇ ಬಿಡು ಎಂದು ಅವನು ಒಮ್ಮೆಯೂ ಹೇಳಲಿಲ್ಲ, ಬಿಟ್ಟರೆ ಸೀರೆ ಮಾರಾಟವಾಗುವುದಿಲ್ಲ. ಮಗನ ಮಾನ ಕಳೆಯಲೂ ಇಲ್ಲ, ಕಳೆದರೆ ಮಗ ಮಗ್ಗದ ಮೇಲೆ ಕೂಡುವುದಿಲ್ಲ. ಹತ್ತಾರು ಶಿಬಿರಗಳಲ್ಲಿ ನನಗೆ ಸಿಗದಿದ್ದ ಉತ್ತರ ಆ ಗೋಡೆಯಾಚೆ ದಿನಾ ಟಕಟಕ ಎನ್ನುತ್ತಿತ್ತು.

ಅವಮಾನ ಎಂದರೇನೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಬೆಂಗಳೂರಿಗೆ ಹೋದಾಗ ಒಂದು ಹೋಟೆಲಿನಲ್ಲಿ ಕೂತು ‘ಒಂದು ಚಾ ಕೊಡ್ರಿ, ಲಗೂನ’ ಎಂದೆ. ಮಾಣಿ ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿ, ‘ನಿಮ್ಮದು ಕನ್ನಡವೇ?’ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ಆದರೆ ಅವ್ವ ಕಲಿಸಿದ ಮಾತಿನಲ್ಲೇ ನಾನು ತಪ್ಪಿತಸ್ಥನಾದೆ. ಆ ಎರಡು ದಿನ ಬಾಯಿ ಬಿಡುವ ಮೊದಲು ಪ್ರತಿ ಮಾತನ್ನೂ ಒಳಗೇ ತೂಗಿ ನೋಡಿದೆ. ಆದಷ್ಟು ಕಡಿಮೆ ಮಾತಾಡಿದೆ. ಮಾತು ತಪ್ಪೀತು ಎಂಬ ಅಂಜಿಕೆ ಬಂದವನು ಮೊದಲು ಬಿಡುವುದು ಮಾತಾಡುವುದನ್ನೇ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಮುಂಬಯಿ ಇಲಾಖೆಯ ಆಡಳಿತದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಈ ಕಡೆಯ ಕನ್ನಡ ಮಕ್ಕಳು ಸಾಲಿಗೆ ಹೋಗಿ ಮರಾಠಿಯಲ್ಲಿ ಕಲಿಯಬೇಕಾಗಿತ್ತು. ಮನೆಯ ಮಾತು ಸಾಲಿಯ ಬಾಗಿಲ ಹೊರಗೆ ನಿಲ್ಲುತ್ತಿತ್ತು. ಅದನ್ನು ಒಳಗೆ ಕರೆತರಲು ದುಡಿದವರಲ್ಲಿ ದೊಡ್ಡ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಕನ್ನಡ ಶಾಲೆಗಳಿಗಾಗಿ ಓಡಾಡಿದ ಅದೇ ಮನುಷ್ಯ ಇಂಗ್ಲಿಷನ್ನೂ ಪ್ರೀತಿಯಿಂದ ಕಲಿತು, 1871ರಲ್ಲಿ ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಕನ್ನಡಕ್ಕೆ ತಂದರು. ಅದಕ್ಕೆ ಅವರಿಟ್ಟ ಹೆಸರು ‘ನಗದವರನ್ನು ನಗಿಸುವ ಕಥೆ’. ಮೂಲದ ಹೆಸರಿನಲ್ಲಿದ್ದ ಎರರ್ ಕನ್ನಡಕ್ಕೆ ಬರುವಾಗ ಬಿಟ್ಟುಹೋಯಿತು, ನಗು ಉಳಿಯಿತು. ಒಬ್ಬ ಶಿಕ್ಷಣಾಧಿಕಾರಿ ಹೀಗೆ ಮಾಡಿದನಲ್ಲ ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ನಾನು ಅವತ್ತು ತರಗತಿಯಲ್ಲಿ ಎಬ್ಬಿಸಿದ ನಗು ಆ ಜಾತಿಯದಲ್ಲ ಎಂಬುದೂ ನೆನಪಾಗುತ್ತದೆ.

ಹಾಗಾದರೆ ತಿದ್ದುವುದು ಹೇಗೆ? ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೊರದೇಶದವರು ಇವತ್ತಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎನ್ನುತ್ತಾರೆ. ವ್ಯಾಕರಣದ ಪಾಠದ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಇಟ್ಟು ಲೆಕ್ಕ ಬಿಡಿಸಲು ಹೇಳುವುದು. ಮಗು ಸರಿಯಾದ ರೈಲನ್ನು ಹುಡುಕಿತೋ ಇಲ್ಲವೋ ಎಂಬುದು ಮೊದಲು. ಅದನ್ನು ಎಂಥ ಇಂಗ್ಲಿಷಿನಲ್ಲಿ ಹೇಳಿತು ಎಂಬುದು ಆಮೇಲೆ. ಮಾತಿನ ಓಟದಲ್ಲಿಯೇ ಸಹಜವಾಗಿ ತಿದ್ದುವುದು ಬೇರೆ, ಕೆಲಸ ನಿಲ್ಲಿಸಿ ತಪ್ಪನ್ನೇ ಪಾಠ ಮಾಡುವುದು ಬೇರೆ ಎಂದು 1987ರಲ್ಲಿ ಬಂದ ಅವರ ಪುಸ್ತಕ ಬೇರ್ಪಡಿಸಿ ಹೇಳುತ್ತದೆ. ನಾನು ಅದನ್ನು ಓದಿದ್ದು ತಡವಾಗಿ. ನೇಕಾರನನ್ನು ಕಂಡಿದ್ದರಿಂದ ಬೇಗ ಅರ್ಥವಾಯಿತು. ಅಂದಿನಿಂದ ನನಗೆ ನಾನೇ ಒಂದು ನೇಮ ಹಾಕಿಕೊಂಡೆ: ಮಗು ಏನು ಹೇಳಿತೋ ಅದಕ್ಕೆ ಮೊದಲು ಉತ್ತರ ಕೊಡಬೇಕು; ಹೇಗೆ ಹೇಳಿತು ಎಂಬುದು ಆಮೇಲೆ, ಆದರೆ ಅದನ್ನು ಬಿಡಬಾರದು. ‘ಮೈ ಮದರ್ ಈಸ್ ನಾಟ್’ ಎಂದವನಿಗೆ ಮೊದಲು ‘ಯಾವಾಗ ಆತಪಾ?’ ಎಂದು ಕೇಳಬೇಕಾಗಿತ್ತು. ವಾಕ್ಯಕ್ಕೆ ಆಮೇಲೆ ವೇಳೆ ಸಿಗುತ್ತಿತ್ತು.

ಈ ನೇಮ ನನಗೂ ಪಾಠ ಕಲಿಸಿದೆ. ಕಿತ್ತೂರಿನಲ್ಲಿ ಕರ್ತರಿ ಕರ್ಮಣಿ ಕಲಿಸುವಾಗ ‘ಚೆನ್ನಮ್ಮ ಡಿಫೀಟೆಡ್ ಥ್ಯಾಕರೆ’ ಎಂದು ಬರೆದು ತಿರುಗಿಸಲು ಹೇಳಿದ್ದೆ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಅಲ್ಲಿಯ ಕೋಟೆಯ ಮುಂದೆಯೇ. ಮಕ್ಕಳಿಗೆ ಅದು ಮನೆಯ ಸುದ್ದಿ. ಒಬ್ಬ ಹುಡುಗ ಬರೆಯದೆ ಸುಮ್ಮನೆ ಕೂತಿದ್ದ. ಕೇಳಿದರೆ, ‘ಸರ, ಚೆನ್ನಮ್ಮನ್ನ ಹಿಂದ ಹಾಕಿ ಆ ಥ್ಯಾಕರೆನ್ನ ಯಾಕ ಮುಂದ ತರಬೇಕ್ರಿ?’ ಎಂದ. ಮೊದಲಿನ ನಾನಾಗಿದ್ದರೆ ಸೊನ್ನೆ ಹಾಕುತ್ತಿದ್ದೆ. ಅವನ ಮಾತಿಗೆ ಉತ್ತರ ಹುಡುಕುತ್ತ ಹೋದಾಗ, ಕರ್ಮಣಿ ಪ್ರಯೋಗವೆಂದರೆ ವಾಕ್ಯದಲ್ಲಿ ಯಾರನ್ನು ಎದುರಿಗೆ ನಿಲ್ಲಿಸಬೇಕೆಂಬ ಆಯ್ಕೆ ಎಂದು ಅವರಿಗೂ ಹೇಳಿದೆ, ನಾನೂ ಅಂದೇ ಸ್ಪಷ್ಟವಾಗಿ ತಿಳಿದೆ. ವ್ಯಾಕರಣ ಅವತ್ತು ಯಾರಿಗೂ ಮರೆಯಲಿಲ್ಲ. ಹುಡುಗ ಮಾತ್ರ ಕೊನೆಗೂ ತಿರುಗಿಸಲಿಲ್ಲ.

ಕನ್ನಡದ ‘ತಪ್ಪು’ ದೊಡ್ಡ ಶಬ್ದ ಎಂದೆ. ಅದರಲ್ಲಿ ಒಂದು ಮೂಲೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೂಸು 11–12 ತಿಂಗಳಿಗೆ ಗೋಡೆ ಬಿಟ್ಟು ಎರಡು ಅಡಿ ಇಟ್ಟು ಧಪ್ಪನೆ ಕೂಡುತ್ತದಲ್ಲ, ಅದಕ್ಕೆ ನಮ್ಮ ಹಿರಿಯರು ತಪ್ಪು ಹೆಜ್ಜೆ ಎಂದು ಹೆಸರಿಟ್ಟಿದ್ದಾರೆ. ಅದನ್ನು ನೋಡಲು ಓಣಿಯವರನ್ನೆಲ್ಲ ಕರೆಯುತ್ತೇವೆ. ಹಾಗೆಯೇ ‘ತಿದ್ದು’ ಎಂಬ ಮಾತು. ನಾವು ಚಿಕ್ಕವರಿದ್ದಾಗ ಮಾಸ್ತರರು ಪಾಟಿಯ ಮೇಲೆ ದೊಡ್ಡದಾಗಿ ಒಂದು ‘ಅ’ ಬರೆದು ಕೊಡುತ್ತಿದ್ದರು. ಅದರ ಮೇಲೆ ನಾವು ಮತ್ತೆ ಮತ್ತೆ ಕಡ್ಡಿ ಆಡಿಸಿ ಅಕ್ಷರ ತಿದ್ದುತ್ತಿದ್ದೆವು. ಅಲ್ಲಿ ತಿದ್ದುವವನು ಕಲಿಯುವವನು. ಗುರು ಜಾಡು ಹಾಕಿ ಕೊಡುವವನಷ್ಟೇ. ಯಾವಾಗಲೋ ಆ ಕೆಲಸವನ್ನು ಮಗುವಿನ ಕೈಯಿಂದ ಕಸಿದುಕೊಂಡು, ತಿದ್ದುವುದೆಂದರೆ ನಮ್ಮ ಅಧಿಕಾರ ಎಂದು ನಾವು ಮಾಡಿಕೊಂಡೆವು.

ಕೆಲವು ವರ್ಷಗಳ ಹಿಂದೆ ಭಾರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಜಾತ್ರೆಯ ಗದ್ದಲ, ಭಂಡಾರ, ‘ಉಧೋ ಉಧೋ’. ತಲೆ ನೆರೆಯತೊಡಗಿದ ಒಬ್ಬ ಗೃಹಸ್ಥ ಬಂದು ಕಾಲಿಗೆ ನಮಸ್ಕಾರ ಮಾಡಿ ಹೆಸರು ಹೇಳಿದ. ಅವನೇ. ಗೊಬ್ಬರ ಬೀಜದ ಅಂಗಡಿ ಇಟ್ಟಿದ್ದಾನೆ, ಮಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುತ್ತಾಳೆ. ‘ನೀವು ತಿದ್ದಿದ್ದಕ್ಕ ಇಷ್ಟಾದೇವ್ರಿ ಸರ’ ಎಂದ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಹೊರಗೆ ತರಲು ನೋಡಿದೆ. ಎಂಟನೆಯ ಇಯತ್ತೆಯಲ್ಲಿ ಮನೆಯ ಬಗ್ಗೆ ಐದು ವಾಕ್ಯ ಬರೆಸಿದ್ದೆ, ಅದು ನೆನಪಿದೆಯೇ ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ‘ಇಲ್ರಿ ಸರ’ ಎಂದ.

ಅದು ಖರೆಯೋ, ವಯಸ್ಸಾದ ಗುರುಗಳ ಮುಂದೆ ಹೇಳಬೇಕಾದ ಬರೋಬರಿ ಉತ್ತರವೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಬಂತು. ಅವನೇ ನನ್ನ ಚೀಲ ಹಿಡಿದು, ಗದ್ದಲದಲ್ಲಿ ದಾರಿ ಮಾಡಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಇಳಿದುಹೋದ.